ಆಂಟಿಬಯಾಟಿಕ್ ತಗೊಂಡಾಗಲೆಲ್ಲ ಅಮ್ಮನ ಬಾಯಲ್ಲಿ ಬಿಳಿ ಪದರ. ಮೊದಲೇ ತಡೆಯಬಹುದಾ?

ತುಮಕೂರಿನ ಮಗಳು
ಅಮ್ಮನಿಗೆ 64 ವರ್ಷ, ಶುಗರ್ ಇದೆ. ಕಾಲಿನ ಗಾಯ ಕೀವಾಗಿ ಡಾಕ್ಟರು ಅಮಾಕ್ಸಿಸಿಲಿನ್-ಕ್ಲಾವುಲನೇಟ್ 625 ಅನ್ನುವ ಆಂಟಿಬಯಾಟಿಕ್ ಬರೆದುಕೊಟ್ಟಿದ್ದಾರೆ. ಇಂಥ ಮಾತ್ರೆ ಶುರುವಾದರೆ ಸಾಕು, ನಾಲಿಗೆ ಮೇಲೆ ಮೊಸರು ಮೆತ್ತಿದ ಹಾಗೆ ಬಿಳಿ ಪದರ ಬರುತ್ತದೆ. ಕೆಳಗೂ ವಿಪರೀತ ತುರಿಕೆ. ಹೋದ ಸಲ ಸಪ್ಪೆ ಸಾರಿನಲ್ಲೂ ಮುದ್ದೆ ನುಂಗಲು ಆಗಲಿಲ್ಲ. ಅದಕ್ಕೇ ಈಗ ಮಾತ್ರೆಯೇ ಬೇಡ ಅಂತ ಹಠ ಹಿಡಿದಿದ್ದಾರೆ.

ಹಲ್ಲಿನ ಸೆಟ್ ಹಾಕುತ್ತಾರೆ. ಶುಗರಿಗೆ ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್, ಡಾಪಾಗ್ಲಿಫ್ಲೋಜಿನ್ ನಡೀತಿದೆ. ಪಕ್ಕದ ಮನೆಯವರು ಫಂಗಸ್ಸಿಗೆ ಕೊಡುವ ಫ್ಲುಕೊನಜೋಲ್ 150 ಮಾತ್ರೆ ಒಂದು ಮೊದಲೇ ನುಂಗಿಸಿ ಅಂತಾರೆ. ಕೊಡಬಹುದಾ?

ಹಾಸನದ ಓದುಗ
ಮೊಸರು, ಮಜ್ಜಿಗೆ ಜಾಸ್ತಿ ಕೊಡಿ ಮೇಡಂ. ಒಳ್ಳೆಯ ಬ್ಯಾಕ್ಟೀರಿಯಾ ಇರುವ ಪ್ರೊಬಯಾಟಿಕ್ ಕ್ಯಾಪ್ಸೂಲ್ ಕೊಟ್ಟರೆ ಇದು ಬರೋದೇ ಇಲ್ಲ.

ವಾರ್ಡ್ ಸಿಸ್ಟರ್
ಮೊದಲು ಅಮ್ಮನಿಗೆ ಒಂದು ಮಾತು ಹೇಳಿ. ಶುಗರ್ ಇರುವವರ ಕಾಲಿನ ಗಾಯಕ್ಕೆ ಆಂಟಿಬಯಾಟಿಕ್ ಬಿಡುವ ಹಾಗಿಲ್ಲ. ಬಾಯಿಯ ಪದರಕ್ಕೆ ಔಷಧಿ ಇದೆ. ಗಾಯ ಮೂಳೆಗೆ ಇಳಿದರೆ ಬೆರಳು ತೆಗೆಯಬೇಕಾದೀತು. ವಾರ್ಡಿನಲ್ಲಿ ಅದನ್ನು ನೋಡಿರುವುದರಿಂದ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಫ್ಲುಕೊನಜೋಲ್ ನೀವಾಗಿಯೇ ಕೊಡಬೇಡಿ. ಅದು ಇದ್ದರೆ ಶುಗರ್ ಮಾತ್ರೆ ಗ್ಲಿಮೆಪಿರೈಡ್ ದೇಹದಿಂದ ಬೇಗ ಹೊರಹೋಗದೆ ಉಳಿಯುತ್ತದೆ. ಶುಗರ್ ದಿಢೀರ್ ಇಳಿದು ಬೆವರು, ನಡುಕ, ತಲೆಸುತ್ತು ಬರಬಹುದು. ರಕ್ತ ತೆಳುವಾಗಲು ವಾರ್ಫರಿನ್ ತಗೊಳ್ಳುವವರಿಗಂತೂ ರಕ್ತಸ್ರಾವದ ಅಪಾಯ. ಇದೆಲ್ಲ ಪಕ್ಕದ ಮನೆಯವರಿಗೆ ಹೇಗೆ ಗೊತ್ತಾಗಬೇಕು?

ಇಂಥ ಬಿಳಿ ಪದರ, ತುರಿಕೆಗೆ ಸಾಮಾನ್ಯವಾಗಿ ಕಾರಣ ಕ್ಯಾಂಡಿಡಾ ಅನ್ನುವ ಯೀಸ್ಟ್, ಅಂದರೆ ಒಂದು ಬಗೆಯ ಫಂಗಸ್. ಅದು ನಮ್ಮೆಲ್ಲರ ಬಾಯಲ್ಲಿ, ಕರುಳಲ್ಲಿ ಸ್ವಲ್ಪ ಇದ್ದೇ ಇರುತ್ತದೆ. ಒಳ್ಳೆಯ ಬ್ಯಾಕ್ಟೀರಿಯಾ ಅದನ್ನು ಅಂಕೆಯಲ್ಲಿಟ್ಟಿರುತ್ತವೆ. ಆಂಟಿಬಯಾಟಿಕ್ ಅವನ್ನೂ ಕೊಲ್ಲುತ್ತದೆ, ಆದರೆ ಯೀಸ್ಟಿಗೆ ಏನೂ ಮಾಡುವುದಿಲ್ಲ. ಜೊತೆಗೆ ಶುಗರ್ ಏರಿದ್ದರೆ ಕೇಳಲೇಬೇಡಿ.

ಇನ್ನು ಆ ಸೆಟ್. ಇವತ್ತು ರಾತ್ರಿ ತೆಗೆಸಿ, ಅಂಗುಳಿಗೆ ಅಂಟುವ ಗುಲಾಬಿ ಭಾಗವನ್ನು ಬೆರಳಿನಿಂದ ಸವರಿ ನೋಡಿ. ಲೋಳೆ ಲೋಳೆ ಸಿಕ್ಕರೆ ಯೀಸ್ಟ್ ಅಲ್ಲೇ ಮನೆ ಮಾಡಿಕೊಂಡಿರಬಹುದು. ಮೆತ್ತನೆ ಬ್ರಷ್ಷಿನಿಂದ ಸೋಪು ಹಾಕಿ ಎರಡೂ ಕಡೆ ಉಜ್ಜಿ, ಚೆನ್ನಾಗಿ ತೊಳೆದು, ರಾತ್ರಿ ತಣ್ಣೀರಲ್ಲಿಡಿ. ಕುದಿಯುವ ನೀರು ಬೇಡ, ಸೆಟ್ ಸೊಟ್ಟಗಾಗುತ್ತದೆ. ಮಲಗುವಾಗ ಬಾಯಲ್ಲಿ ಸೆಟ್ ಇರಲೇಬಾರದು. ಒಸಡು, ನಾಲಿಗೆಯನ್ನೂ ಮೆಲ್ಲಗೆ ಉಜ್ಜಲಿ.

ಡಾಪಾಗ್ಲಿಫ್ಲೋಜಿನ್ ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಹಾಕುತ್ತದೆ. ಕೆಳಗಿನ ತುರಿಕೆಗೆ ಅದೂ ಒಂದು ಕಾರಣ. ನೀವೇ ನಿಲ್ಲಿಸಬೇಡಿ. ಕಾಲಿನ ಗಾಯ, ತುರಿಕೆ ಎರಡನ್ನೂ ಹೇಳಿ ಡಾಕ್ಟರನ್ನು ಕೇಳಿ. ಬರೀ ನೀರಲ್ಲಿ ತೊಳೆದು, ಒತ್ತಿ ಒರೆಸಿ, ಒಣಗಿದ ಕಾಟನ್ ಒಳಉಡುಪು ಹಾಕಲಿ. ಡೆಟಾಲ್ ಬೇಡವೇ ಬೇಡ.

ಮೊಸರು ತಿನ್ನಲಿ, ಈ ಮಾತ್ರೆಗೆ ತೊಂದರೆಯಿಲ್ಲ. ಆದರೆ ತಡೆಯುತ್ತದೆ ಅಂತ ನಂಬಿ ಕೂರಬೇಡಿ ಸಾರ್. 2004ರಲ್ಲಿ ಆಸ್ಟ್ರೇಲಿಯಾದಲ್ಲಿ ಆಂಟಿಬಯಾಟಿಕ್ ತಗೊಳ್ಳುವ ಹೆಂಗಸರಿಗೆ ಲ್ಯಾಕ್ಟೋಬ್ಯಾಸಿಲಸ್ ಅನ್ನುವ ಪ್ರೊಬಯಾಟಿಕ್ ಬ್ಯಾಕ್ಟೀರಿಯಾ ಕೊಟ್ಟು ಪರೀಕ್ಷೆ ಮಾಡಿದ್ದರು. ಯೋನಿಯ ಯೀಸ್ಟ್ ಸೋಂಕು ಅದರಿಂದ ಕಡಿಮೆಯಾಗಲಿಲ್ಲ.

ತುಮಕೂರಿನ ಮಗಳು
ಸಿಸ್ಟರ್, ಸೆಟ್ ನೋಡಿದೆ. ನೀವು ಹೇಳಿದ ಹಾಗೇ ಲೋಳೆ ಇತ್ತು. ಅಮ್ಮ ರಾತ್ರಿಯೂ ಹಾಕಿಕೊಂಡೇ ಮಲಗುತ್ತಿದ್ದರು. ಡಾಕ್ಟರಿಗೂ ಫೋನ್ ಮಾಡಿದೆ. ಡಾಪಾಗ್ಲಿಫ್ಲೋಜಿನ್ ಗಾಯ ವಾಸಿಯಾಗುವವರೆಗೆ ನಿಲ್ಲಿಸಲು ಹೇಳಿ, ದಿನಾ ಶುಗರ್ ನೋಡಿ ತಿಳಿಸಿ ಅಂದರು. ಅಮ್ಮ ಮಾತ್ರೆಗೆ ಒಪ್ಪಿದ್ದಾರೆ. ಪದರ ಮತ್ತೆ ಕಂಡರೆ?

ವಾರ್ಡ್ ಸಿಸ್ಟರ್
ಸದ್ಯ, ಒಪ್ಪಿದರಲ್ಲ! ಊಟದ ಜೊತೆಗೇ ಮಾತ್ರೆ ಕೊಡಿ. ಪದರ ಕಂಡ ದಿನವೇ ಡಾಕ್ಟರಿಗೆ ತೋರಿಸಿ. ಕ್ಲೋಟ್ರಿಮಜೋಲ್ ಬಾಯಿಗೆ ಹಚ್ಚುವ ದ್ರವ ಸಿಗುತ್ತದೆ, ಶುರುವಲ್ಲೇ ಹಚ್ಚಿದರೆ ಸಾಮಾನ್ಯವಾಗಿ ಬೇಗ ಹೋಗುತ್ತದೆ. ನುಂಗುವಾಗ ಎದೆಯಲ್ಲಿ ನೋವು ಬಂದರೆ, ಅಥವಾ ನೀರುನೀರಾಗಿ ಭೇದಿ ಶುರುವಾದರೆ ಫೋನಲ್ಲಿ ಕೇಳುತ್ತಾ ಕೂರದೆ ಕರೆದುಕೊಂಡು ಹೋಗಿ.