ಮರಗಿಡಗಳ ನಗೆಮಾತುಗಳು: ಯಾವುದನ್ನು ಆಡಬೇಕು, ಯಾವುದನ್ನು ಬಿಡಬೇಕು?

ಗೌರಿಬಿದನೂರಿನಿಂದ ಬಂದ ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ಕನ್ನಡ ಬೋಧಿಸುತ್ತೇನೆ. ರಾಜ್ಯೋತ್ಸವಕ್ಕೆ ಮಕ್ಕಳಿಂದ ಸಣ್ಣದೊಂದು ನಗೆನಾಟಕ ಆಡಿಸಬೇಕೆಂದಿದ್ದು, ಅದರ ಸಂಭಾಷಣೆಯ ತುಂಬ ಮರಗಿಡಗಳ ಗಾದೆ, ನುಡಿಗಟ್ಟು, ಬೀದಿಮಾತುಗಳೇ ಇರಬೇಕೆಂಬ ಆಸೆಯಿದೆ. ಸಭೆಯಲ್ಲಿ ನಗು ತರಿಸುವಂಥವು ಯಾವುವು, ಕೈಬಿಡಬೇಕಾದವು ಯಾವುವು ಎಂಬುದನ್ನು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ತಿಪಟೂರಿನಿಂದ: ನಮಸ್ಕಾರ. ನೋಡುವವರಿಗೆ ಪರಿಚಯವಿರುವ ಮರದ ಮಾತನ್ನೇ ಆರಿಸಿಕೊಳ್ಳಿ. ಪರಿಚಯವಿಲ್ಲದ ಮರವಾದರೆ ಅದರ ಗುಣವನ್ನು ಬಿಡಿಸಿ ಹೇಳಬೇಕಾಗುತ್ತದೆ, ಬಿಡಿಸಿ ಹೇಳಿದ ಮೇಲೆ ಯಾರೂ ನಗುವುದಿಲ್ಲ. ನಮ್ಮ ಕಡೆ ತೆಂಗಿನ ಮಾತು ಎಂದೂ ಸೋತಿಲ್ಲ. "ತೆಂಗಿನ ಮರ ಯಾಕಯ್ಯಾ ಹತ್ತಿದೆ ಅಂದರೆ, ಕರುವಿಗೆ ಹುಲ್ಲು ಕೀಳೋಕೆ ಅಂದನಂತೆ" ಎಂಬುದನ್ನು ಸಿಕ್ಕಿಬಿದ್ದ ಕಳ್ಳನ ಪೆಚ್ಚುಮುಖದೊಂದಿಗೆ ಹುಡುಗನೊಬ್ಬ ಆಡಿಬಿಟ್ಟರೆ, ಹಿಂದಿನ ಸಾಲಿನಲ್ಲಿ ಕುಳಿತ ಅಜ್ಜಂದಿರೂ ನಗುತ್ತಾರೆ. ಪದೇ ಪದೇ ಸಾಲ ಕೇಳಲು ಬರುವ ಭಾವಮೈದುನನ ಪಾತ್ರವಿದ್ದರೆ "ಮರ ಹತ್ತೋನನ್ನ ಎಷ್ಟು ದೂರ ಅಂತ ನೂಕೋದು?" ಎಂಬ ಮಾತು ಅವನಿಗಾಗಿಯೇ ಹುಟ್ಟಿದಂತಿದೆ.

ಇನ್ನು "ಕೈಗೆ ಚಿಪ್ಪು ಕೊಟ್ಟ" ಎಂಬುದು ಇಂದಿನ ಹುಡುಗರ ಬಾಯಲ್ಲೂ ಇರುವ ಮಾತು. ಇಲ್ಲಿ ಉಂಡೆ ಕೊಬ್ಬರಿಗಾಗಿ ಕಾಯಿಯನ್ನು ಸಿಪ್ಪೆಸಮೇತ ಅಟ್ಟದ ಮೇಲೆ ಹೆಚ್ಚುಕಡಿಮೆ ಒಂದು ವರ್ಷ ಇಡುತ್ತಾರೆ; ಒಳಗಿನ ನೀರು ಇಂಗಿ, ಅಲ್ಲಾಡಿಸಿದಾಗ ಕೊಬ್ಬರಿ ಲೊಟಲೊಟ ಎಂದ ಮೇಲೆಯೇ ಅದನ್ನು ಸುಲಿದು ಒಡೆಯುವುದು. ಅಷ್ಟು ಕಾದ ಮೇಲೆ ಕೊಬ್ಬರಿ ಬೇರೆಯವರ ಪಾಲಾಗಿ ತನಗೆ ಬರೀ ಚಿಪ್ಪು ಉಳಿದವನ ಪಾಡನ್ನು ರಂಗದ ಮೇಲೆ ತೋರಿಸಲು ಒಂದು ನಿಜವಾದ ಚಿಪ್ಪನ್ನೇ ಕೈಗೆ ಕೊಡಿಸಿ, ಸಂಭಾಷಣೆಯೇ ಬೇಕಾಗುವುದಿಲ್ಲ. (ಚಿಪ್ಪಿನ ಇದ್ದಿಲಿಗೆ ಬೇಡಿಕೆ ಬಂದಿರುವ ಈ ಕಾಲದಲ್ಲಿ ಚಿಪ್ಪು ಸಿಕ್ಕವನೂ ಪೂರ್ತಿ ನಷ್ಟವಾದವನಲ್ಲ ಎನ್ನಿ.)

ಮುಳಬಾಗಿಲಿನಿಂದ: ನಮ್ಮಲ್ಲಿ ತೆಂಗಿಗಿಂತ ನುಗ್ಗೆಯೇ ಹೆಚ್ಚು ನಗಿಸುತ್ತದೆ. ಯಾರನ್ನಾದರೂ ಹೊಗಳಿ ಹೊಗಳಿ ಕೆಲಸ ಮಾಡಿಸಿಕೊಳ್ಳುವುದಕ್ಕೆ "ನುಗ್ಗೆ ಮರ ಹತ್ತಿಸೋದು" ಎನ್ನುತ್ತೇವೆ. ತೆಲುಗು ಮನೆಮಾತಿನ ನೆರೆಹೊರೆಯವರೂ ಇದೇ ಮಾತನ್ನು ಆಡುವುದರಿಂದ ಸಭೆಯಲ್ಲಿ ಅರ್ಥವಾಗದವರೇ ಇರುವುದಿಲ್ಲ. ನುಗ್ಗೆಯ ಕೊಂಬೆ ಲಟಕ್ಕನೆ ಮುರಿಯುವಂಥದ್ದು, ಆದ್ದರಿಂದ ಕಾಯಿ ಬೇಕಾದವರು ನೆಲದ ಮೇಲೆ ನಿಂತು ದೋಟಿಯಿಂದ ಎಳೆದುಕೊಳ್ಳುತ್ತಾರೆಯೇ ಹೊರತು ಮರ ಹತ್ತುವುದಿಲ್ಲ. ಹತ್ತಿಸುವವನು ಕೆಳಗೇ ನಿಂತಿರುತ್ತಾನೆ ಎಂಬುದರಲ್ಲಿಯೇ ಇದರ ತಮಾಷೆಯಿದೆ. ಚುನಾವಣೆಯ ಅಭ್ಯರ್ಥಿ, ಮದುವೆಯ ಗಂಡು, ಯಾವ ಪಾತ್ರಕ್ಕಾದರೂ ಹೊಂದುತ್ತದೆ.

"ಈಚಲ ಮರದ ಕೆಳಗೆ ಮಜ್ಜಿಗೆ ಕುಡಿದ ಹಾಗೆ" ಎಂಬುದೂ ಚೆನ್ನಾಗಿಯೇ ಇದೆ. ಮಜ್ಜಿಗೆಯೂ ಬೆಳ್ಳಗೆ, ಹೆಂಡವೂ ಬೆಳ್ಳಗೆ, ನೋಡಿದವರು ಮಜ್ಜಿಗೆ ಎಂದರೆ ನಂಬುತ್ತಾರೆಯೇ? ಆದರೆ ಶಾಲೆಯ ಮಕ್ಕಳ ಬಾಯಲ್ಲಿ ಹೆಂಡದ ಪ್ರಸ್ತಾಪ ಬೇಡವೆನ್ನುವ ಪೋಷಕರು ಇರುತ್ತಾರೆ, ಮುಖ್ಯೋಪಾಧ್ಯಾಯರನ್ನು ಮೊದಲೇ ಕೇಳಿಬಿಡಿ.

ಶಿರಾದಿಂದ: ಬಿಡಬೇಕಾದದ್ದು "ಎಕ್ಕುಟ್ಟೋಗ" ಎಂಬ ಬೈಗುಳ. ಹುಡುಗರು ಮೊಬೈಲ್ ಕೆಟ್ಟರೂ "ಎಕ್ಕುಟ್ಟೋಯ್ತು" ಎಂದು ನಗುತ್ತಾರೆ, ನಿಜ. ಆದರೆ ಎಕ್ಕದ ಗಿಡ ಏಳುವುದು ಪಾಳುಬಿದ್ದ ಗೋಡೆಯ ಬುಡದಲ್ಲಿ, ಉಳುವವರಿಲ್ಲದ ಹೊಲದಲ್ಲಿ. ಮನೆಯಲ್ಲಿ ಎಕ್ಕ ಹುಟ್ಟಲಿ ಎಂದರೆ ಮನೆತನವೇ ಹಾಳಾಗಲಿ ಎಂದು ಶಪಿಸಿದಂತೆ; ವಯಸ್ಸಾದವರು ಅದನ್ನು ತಮಾಷೆಯೆಂದು ಒಪ್ಪುವುದಿಲ್ಲ. ಬೈಯಲೇಬೇಕಾದ ದೃಶ್ಯವಿದ್ದರೆ "ಒಣ ಕೊರಡು" ಎನ್ನಿಸಿ, ಯಾರ ಮನಸ್ಸೂ ನೋಯುವುದಿಲ್ಲ.

ಚಿಂತಾಮಣಿಯಿಂದ: ಅಜ್ಜನ ಪಾತ್ರಕ್ಕೆ "ಹುಣಸೆ ಮುಪ್ಪಾದರೂ ಹುಳಿ ಮುಪ್ಪೇ?" ಎಂಬುದನ್ನು ಮರೆಯಬೇಡಿ, ಹೇಳಿದವಳು ಅಜ್ಜಿಯಾದರೆ ಇನ್ನೂ ಸೊಗಸು. ಪಕ್ಷ ಬದಲಿಸುವ ಮುಖಂಡನನ್ನು ತಂದರೆ "ಮರಕೋತಿ ಆಟ" ಎಂದರೆ ಸಾಕು. ಇಷ್ಟೆಲ್ಲವನ್ನೂ ಒಂದೇ ನಾಟಕದಲ್ಲಿ ತುರುಕಬೇಡಿ, ಒಂದು ಪಾತ್ರಕ್ಕೆ ಒಂದು ಮರ ಕೊಡಿ.