ಮಳೆಗಾಲದಲ್ಲಿ ಬಣ್ಣ ಹೊಡೆದ ಮಿನಿ ಕೂಪರ್ ಮೇಲೆ ಹಾಲಿನಂಥ ಪೊರೆ: ಉಳಿಸಿಕೊಳ್ಳುವುದು ಹೇಗೆ?

ಕಾಳಿದಂಡೆ (ಕಾರವಾರ):

ಎಲ್ಲರಿಗೂ ನಮಸ್ಕಾರ. ಮೂರು ವರ್ಷಗಳಿಂದ ಬಿಡುವಿನ ವೇಳೆಯಲ್ಲಿ ಪ್ಲಾಸ್ಟಿಕ್ ಮಾದರಿ ಕಾರುಗಳನ್ನು ಕಟ್ಟುತ್ತಿದ್ದೇನೆ. ಈವರೆಗಿನ ನಾಲ್ಕು ಕಾರುಗಳಿಗೂ ದೀಪಾವಳಿ ಕಳೆದ ಮೇಲಿನ ಒಣ ದಿನಗಳಲ್ಲಿ ಬಣ್ಣ ಹೊಡೆದಿದ್ದರಿಂದ ಹವಾಮಾನದ ಕಡೆಗೆ ನಾನು ಗಮನವನ್ನೇ ಕೊಟ್ಟಿರಲಿಲ್ಲ. ಈ ಸಲ ತಾಳ್ಮೆ ಸಾಲದೆ ಜುಲೈ ತಿಂಗಳ ಜಡಿಮಳೆಯ ನಡುವೆಯೇ, ತಮಿಯಾ ಕಂಪನಿಯ 1:24 ಅಳತೆಯ ಮಿನಿ ಕೂಪರ್ 1275 ಎಸ್ ಕಿಟ್ಟಿಗೆ ಬಣ್ಣ ಹೊಡೆಯಲು ಕುಳಿತೆ. 1964ರಲ್ಲಿ ಮಾಂಟೆ ಕಾರ್ಲೊ ರ್‍ಯಾಲಿಯನ್ನು ಗೆದ್ದ ಕಾರಿನಂತೆ ಮೈಯೆಲ್ಲ ಕೆಂಪು, ಚಾವಣಿ ಮಾತ್ರ ಬಿಳಿ ಇರಬೇಕೆಂಬುದು ನನ್ನ ಆಸೆ.

ಬಿಳಿ ಬಣ್ಣ ಚೆನ್ನಾಗಿಯೇ ಕೂತಿತು, ಅಥವಾ ಹಾಗೆಂದು ನಾನು ತಿಳಿದೆ. ಎರಡು ದಿನ ಬಿಟ್ಟು ಚಾವಣಿಗೆ ಮಾಸ್ಕಿಂಗ್ ಟೇಪ್ ಹಚ್ಚಿ, ಡಬ್ಬಿಯ ಕೆಂಪು ಲ್ಯಾಕರನ್ನು (ಬೇಗ ಆರುವ ಹೊಳಪಿನ ಬಣ್ಣ) ಸಿಂಪಡಿಸಿದ ಕೆಲವೇ ನಿಮಿಷಗಳಲ್ಲಿ ಬಾನೆಟ್ಟಿನ ಮೇಲೂ ಎಡಗಡೆಯ ಬಾಗಿಲಿನ ಮೇಲೂ ಹಾಲು ಚೆಲ್ಲಿ ಒರೆಸಿದಂಥ ಮಂಕು ಪೊರೆ ಕಾಣಿಸಿಕೊಂಡಿತು. ಆಗ ಕೋಣೆಯಲ್ಲಿ ತಾಪಮಾನ 27 ಡಿಗ್ರಿ, ತೇವಾಂಶ ಶೇಕಡಾ 90 ಇತ್ತು. ಬಣ್ಣವನ್ನೆಲ್ಲ ತೆಗೆದು ಮೊದಲಿನಿಂದ ಆರಂಭಿಸುವುದೊಂದೇ ದಾರಿಯೇ?

ಇನ್ನೊಂದು ಪ್ರಶ್ನೆಯೂ ಇದೆ. ಕಿಟಕಿಯ ಸುತ್ತಲಿನ ಕ್ರೋಮ್ ಪಟ್ಟಿಗೆ ಕುಂಚದಿಂದ ಬೆಳ್ಳಿ ಬಣ್ಣ ಹಚ್ಚಿದರೆ ಅದು ಹೊಳೆಯುವ ಲೋಹದಂತೆ ಕಾಣದೆ ಮನೆಯ ಗೇಟಿಗೆ ಬಳಿಯುವ ಅಲ್ಯೂಮಿನಿಯಂ ಪೇಂಟಿನಂತೆ ಕಾಣುತ್ತದೆ. ಇದಕ್ಕೆ ನೀವೆಲ್ಲ ಏನು ಮಾಡುತ್ತೀರಿ?

ತೋಟದಮನೆ (ಶಿರಸಿ):

ಬಣ್ಣ ತೆಗೆಯಬೇಡಿ. ನಿಮ್ಮ ಕಾರಿಗೆ ಆಗಿರುವುದನ್ನು ಮಾದರಿ ಕಟ್ಟುವವರು ‘ಬ್ಲಶಿಂಗ್’ ಎನ್ನುತ್ತಾರೆ. ಇದು ಬಣ್ಣದ ದೋಷವಲ್ಲ, ಪೂರ್ತಿಯಾಗಿ ಗಾಳಿಯ ದೋಷ. ಲ್ಯಾಕರಿನಲ್ಲಿರುವ ದ್ರಾವಕ ಬಹಳ ಬೇಗ ಆವಿಯಾಗುತ್ತದೆ, ಆವಿಯಾಗುವಾಗ ತಾನು ಕೂತ ಮೇಲ್ಮೈಯ ಶಾಖವನ್ನೂ ಎಳೆದುಕೊಳ್ಳುತ್ತದೆ. ಡಬ್ಬಿಯಿಂದ ಹೊರಬರುವ ಅನಿಲವೂ ಹಿಗ್ಗುತ್ತ ತಣ್ಣಗಾಗುವುದರಿಂದ ಈ ತಂಪು ಇನ್ನಷ್ಟು ಹೆಚ್ಚುತ್ತದೆ. ನೀವು ಕೊಟ್ಟ ಅಂಕಿಗಳನ್ನೇ ನೋಡಿ: 27 ಡಿಗ್ರಿಯಲ್ಲಿ ಶೇಕಡಾ 90 ತೇವಾಂಶವಿದ್ದರೆ ಮೇಲ್ಮೈ ಕೇವಲ ಎರಡು ಡಿಗ್ರಿ ತಣ್ಣಗಾದರೂ ಸಾಕು, ಗಾಳಿಯ ನೀರು ಹಸಿ ಬಣ್ಣದ ಮೇಲೆ ಇಬ್ಬನಿಯಾಗಿ ಇಳಿಯುತ್ತದೆ. ಅದೇ ತಾಪಮಾನದಲ್ಲಿ ತೇವಾಂಶ ಶೇಕಡಾ 60 ಇದ್ದಿದ್ದರೆ ಸುಮಾರು ಎಂಟು ಡಿಗ್ರಿ ತಣ್ಣಗಾಗಬೇಕಿತ್ತು. ನಿಮ್ಮ ಹಳೆಯ ನಾಲ್ಕು ಕಾರುಗಳು ಬಚಾವಾದದ್ದು ಹೀಗೆ. ಚಾವಣಿಯೂ ಬಹುಶಃ ಪೊರೆಗಟ್ಟಿದೆ, ಬಿಳಿಯ ಮೇಲೆ ಬಿಳಿ ಪೊರೆ ಕಾಣುವುದಿಲ್ಲ ಅಷ್ಟೇ. ಮುಟ್ಟಿ ನೋಡಿದರೆ ನುಣುಪು ಕಡಿಮೆ ಇರುತ್ತದೆ.

ಪೊರೆ ತೆಗೆಯಲು ಲ್ಯಾಕರ್ ಥಿನ್ನರಿಗೆ ಸ್ವಲ್ಪ ರಿಟಾರ್ಡರ್ ಬೆರೆಸಿ, ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್‌ನಲ್ಲಿ 15 ಪಿಎಸ್‌ಐ ಆಸುಪಾಸಿನ ಒತ್ತಡವಿಟ್ಟು, ಮಂಜು ಕೂತಂತೆ ತೆಳ್ಳಗೆ ಹೊಡೆಯಬೇಕು. ರಿಟಾರ್ಡರ್ ದ್ರಾವಕ ಆರುವುದನ್ನು ನಿಧಾನಗೊಳಿಸುವುದರಿಂದ ಮೇಲ್ಪದರ ಮತ್ತೆ ಮೆದುವಾಗಿ, ಒಳಗೆ ಸಿಕ್ಕಿಕೊಂಡ ನೀರು ಹೊರಗೆ ಹೋಗಲು ಅವಕಾಶವಾಗುತ್ತದೆ. ಒಂದೇ ಬಾರಿಗೆ ಒದ್ದೆಯಾಗುವಷ್ಟು ಹೊಡೆದರೆ ಬಣ್ಣ ಜಾರಿ ಬಾಗಿಲಿನ ಗೆರೆಗಳಲ್ಲಿ ಮಡುಗಟ್ಟುತ್ತದೆ. ಆದ್ದರಿಂದ ಒಂದು ಪದರದ ನಂತರ ಹತ್ತು ನಿಮಿಷ ಕಾಯಿರಿ. ಕಂಪ್ರೆಸರಿನ ಕೊಳವೆಗೆ ನೀರು ಹಿಡಿಯುವ ಬಟ್ಟಲು ಇಲ್ಲದಿದ್ದರೆ ಮೊದಲು ಅದನ್ನು ಹಾಕಿಸಿ. ಒತ್ತಿದ ಗಾಳಿ ತಣ್ಣಗಾದಾಗ ಬಿಡುವ ನೀರು ನಮ್ಮ ಕಡೆಯ ಮಳೆಗಾಲದಲ್ಲಿ ಹನಿಹನಿಯಾಗಿ ಕಾರಿನ ಮೇಲೆಯೇ ಸಿಡಿಯುತ್ತದೆ.

ನಮ್ಮ ಮನೆಯಲ್ಲಿ ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ ಮಳೆಗಾಲವಿಡೀ ಬಟ್ಟೆ ಒಣಗಿಸುತ್ತಾರೆ. ಅದನ್ನು ನೋಡಿಯೇ ನಾನು ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬವೊಂದಕ್ಕೆ ಬಲ್ಬ್ ಅಳವಡಿಸಿ ಒಣಗೂಡು ಮಾಡಿಕೊಂಡಿದ್ದೇನೆ. ಸಿಂಪಡಿಸುವ ಮೊದಲು ಕಾರಿನ ಮೈಯನ್ನು ಅರ್ಧ ಗಂಟೆ ಅದರೊಳಗೆ 40 ಡಿಗ್ರಿಯಲ್ಲಿ ಇಟ್ಟು ತೆಗೆದರೆ ಮೇಲ್ಮೈ ಇಬ್ಬನಿ ಇಳಿಯುವ ಮಟ್ಟಕ್ಕಿಂತ ಸಾಕಷ್ಟು ಮೇಲಿರುತ್ತದೆ. 45 ದಾಟಲು ಬಿಡಬೇಡಿ, ಕಾರಿನ ತೆಳ್ಳನೆಯ ಕಂಬಗಳು ಸೊಟ್ಟಗಾಗುವ ಭಯವಿದೆ. ಆಗತಾನೇ ಬಣ್ಣ ಹೊಡೆದ ಮೈಯನ್ನಂತೂ ದ್ರಾವಕದ ವಾಸನೆ ಆರುವ ತನಕ ಅದರೊಳಗೆ ಇಡಲೇಬೇಡಿ. ಮುಚ್ಚಿದ ಡಬ್ಬದಲ್ಲಿ ದ್ರಾವಕದ ಆವಿ ಮತ್ತು ಬಿಸಿ ಬಲ್ಬ್ ಜೊತೆಗಿದ್ದರೆ ಬೆಂಕಿಗೆ ಆಹ್ವಾನ ಕೊಟ್ಟಂತೆ.

ಶರಾವತಿಸೇತುವೆ (ಹೊನ್ನಾವರ):

ಮೇಲೆ ಹೇಳಿದ್ದೆಲ್ಲ ಸರಿ. ಆದರೂ ಕರಾವಳಿಯವನಾಗಿ ನನ್ನ ಅಭಿಪ್ರಾಯ ಬೇರೆ. ಘಟ್ಟದ ಮೇಲೆ ಒಲೆಯ ಶಾಖವಾದರೂ ಇದೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ, ಕರೆಂಟು ಯಾವಾಗ ಹೋಗುತ್ತದೆಂದು ಹೇಳಲಾಗದು, ಪದರದ ನಡುವೆ ಕಂಪ್ರೆಸರ್ ನಿಂತರೆ ಕೆಲಸ ಕೆಟ್ಟಿತೆಂದೇ ಲೆಕ್ಕ. ನಾನು ಆ ನಾಲ್ಕು ತಿಂಗಳು ಬಣ್ಣದ ಡಬ್ಬಿಯನ್ನು ಮುಟ್ಟುವುದೇ ಇಲ್ಲ.

ಹಾಗೆಂದು ಕೈಕಟ್ಟಿ ಕೂರುವುದೂ ಇಲ್ಲ. ಅಸಲಿ ಕಾರಿನ ಬಣ್ಣ ಸುಮಾರು 0.1 ಮಿಲಿಮೀಟರ್ ದಪ್ಪವಿರುತ್ತದೆ. ತಳಪದರವಾದ ಪ್ರೈಮರ್, ಬಣ್ಣ, ಮೇಲಿನ ಪಾರದರ್ಶಕ ಪದರವಾದ ಕ್ಲಿಯರ್ ಎಲ್ಲ ಸೇರಿ ನಮ್ಮ ಮಾದರಿಯ ಮೇಲೂ ಅಷ್ಟೇ ದಪ್ಪ ಕೂತರೆ, 1:24ರ ಲೆಕ್ಕದಲ್ಲಿ ಅದು ಅಸಲಿ ಕಾರಿಗೆ 2.4 ಮಿಲಿಮೀಟರ್ ಬಣ್ಣ ಮೆತ್ತಿದ ಹಾಗಾಯಿತು. ಬಾಗಿಲಿನ ಸಂದು ಅಸಲಿಯಲ್ಲಿ 5 ಮಿಲಿಮೀಟರ್ ಇದ್ದರೆ ಮಾದರಿಯಲ್ಲಿ 0.2 ಮಾತ್ರ ಇರುತ್ತದೆ, ಇಷ್ಟು ಬಣ್ಣಕ್ಕೆ ಅದು ಪೂರ್ತಿ ಮುಚ್ಚಿಹೋಗುತ್ತದೆ. ಆದ್ದರಿಂದ ಬಾಗಿಲು, ಬಾನೆಟ್, ಡಿಕ್ಕಿಯ ಗೆರೆಗಳನ್ನೆಲ್ಲ ಬ್ಲೇಡಿನ ಬೆನ್ನಿನಿಂದ ನಿಧಾನವಾಗಿ ಗೀರಿ ಆಳ ಮಾಡಿಕೊಳ್ಳುವ ಕೆಲಸವನ್ನು ನಾನು ಮಳೆಗಾಲಕ್ಕೇ ಮೀಸಲಿಟ್ಟಿದ್ದೇನೆ. ಎಂಜಿನ್ ಕಾಣಿಸುವ ಕಿಟ್ ಆಗಿದ್ದರೆ ವೈರಿಂಗ್ ಕೂಡ ಇದೇ ಕಾಲದ್ದು. ಸ್ಪಾರ್ಕ್ ಪ್ಲಗ್ಗಿನ ವೈರು ಅಸಲಿಯಲ್ಲಿ 7 ಮಿಲಿಮೀಟರ್ ಎಂದರೆ ನಮಗೆ 0.3 ಮಿಲಿಮೀಟರ್ ತಂತಿ ಬೇಕು. ಪಂಪ್‌ಸೆಟ್ ಮೋಟಾರು ರಿವೈಂಡ್ ಮಾಡುವ ಅಂಗಡಿಯಲ್ಲಿ ಕೇಳಿದರೆ ಆ ಅಳತೆಯ ತಾಮ್ರದ ತಂತಿಯ ತುಂಡುಗಳನ್ನು ಸುಮ್ಮನೆ ಕೊಡುತ್ತಾರೆ. ನಾಲ್ಕು ಸಿಲಿಂಡರಿಗೆ ನಾಲ್ಕು, ಕಾಯಿಲ್‌ನಿಂದ ಬರುವುದು ಒಂದು, ಒಟ್ಟು ಐದು ತುಂಡು ಸಾಕು. ಈ ಐದನ್ನು ಹಾಕದೆ ಬಾನೆಟ್ ತೆರೆದಿಟ್ಟ ಮಾದರಿಗಳನ್ನು ನೋಡಿದಾಗ ನನಗೆ ಯಾಕೋ ಬೇಸರವಾಗುತ್ತದೆ.

ಅಘನಾಶಿನಿ (ಕುಮಟಾ):

ನಾನು ಎರಡನೆಯ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ. ಬೆಳ್ಳಿ ಬಣ್ಣ ಎಷ್ಟೇ ಒಳ್ಳೆಯದಾದರೂ ಅದರಲ್ಲಿರುವುದು ಲೋಹದ ಪುಡಿ. ಕಣಗಳು ಬೆಳಕನ್ನು ಚದುರಿಸುವುದರಿಂದ ಕನ್ನಡಿಯ ಹೊಳಪು ಬರುವುದಿಲ್ಲ. ನಮ್ಮ ಜಿಲ್ಲೆಯವರಿಗೆ ಇದಕ್ಕೆ ಉತ್ತರ ಹೊಸದಲ್ಲ. ಯಕ್ಷಗಾನದ ಕಿರೀಟ, ಭುಜಕೀರ್ತಿಗಳನ್ನು ಹಗುರವಾದ ಮರದಲ್ಲಿ ಕೆತ್ತಿ, ಮೇಲೆ ಬಣ್ಣ ಬಳಿಯದೆ ಬೇಗಡೆ ಅಂಟಿಸುತ್ತಾರಲ್ಲವೇ? ಮಾದರಿ ಕಾರಿನ ಕ್ರೋಮ್ ಪಟ್ಟಿಗೂ ಅದೇ ಉಪಾಯ, ಬೇಗಡೆ ಮಾತ್ರ ಇನ್ನೂ ತೆಳ್ಳಗಿರಬೇಕು. ಹಿಂಬದಿಯಲ್ಲಿ ಅಂಟಿರುವ ಬೇರ್ ಮೆಟಲ್ ಫಾಯಿಲ್ ಎಂಬ ಹಾಳೆ ಹೊರದೇಶದಿಂದ ಬರುತ್ತದೆ. ಅದು ಸಿಗದಿದ್ದರೆ ಅಡುಗೆಮನೆಯ ತೆಳುವಾದ ಅಲ್ಯೂಮಿನಿಯಂ ಹಾಳೆಯ ಮಂಕು ಬದಿಗೆ, ಚಿನ್ನದ ರೇಕು ಅಂಟಿಸಲು ಬಳಸುವ ನೀರಿನ ಅಂಟನ್ನು ಹಚ್ಚಿ, ಅದು ಅಂಟಂಟಾಗುವವರೆಗೆ ಬಿಟ್ಟು ಬಳಸಬಹುದು.

ಪಟ್ಟಿಗಿಂತ ಅಗಲವಾದ ತುಂಡನ್ನು ಹಾಸಿ, ಹತ್ತಿ ಸುತ್ತಿದ ಕಡ್ಡಿಯಿಂದ ಉಜ್ಜಿ ಕೂರಿಸಿ, ನಂತರ ಹೊಸ ಬ್ಲೇಡಿನಿಂದ ಅಂಚು ಕೊಯ್ಯಬೇಕು. ಹಳೆಯ ಬ್ಲೇಡ್ ಹಾಳೆಯನ್ನು ಕೊಯ್ಯುವುದಿಲ್ಲ, ಹರಿಯುತ್ತದೆ. ಬ್ಲೇಡಿನ ಭಾರವೇ ಸಾಕು, ಕೈಯ ಭಾರ ಬಿದ್ದರೆ ಕೆಳಗಿನ ಕೆಂಪು ಬಣ್ಣವೂ ಕೊಯ್ದು ಹೋಗುತ್ತದೆ. ಬಾನೆಟ್ ಮೇಲಿನ ಪುಟ್ಟ ಲಾಂಛನಕ್ಕೆ ಮಾತ್ರ ಕ್ರಮ ತಿರುವುಮುರುವು: ಬಣ್ಣಕ್ಕಿಂತ ಮೊದಲೇ ಬೇಗಡೆ ಅಂಟಿಸಿ, ಅದರ ಮೇಲೆ ಕೆಂಪು ಹೊಡೆದು, ಬಣ್ಣ ಪೂರ್ತಿ ಗಟ್ಟಿಯಾಗುವ ಮುನ್ನ ಥಿನ್ನರ್ ತಾಗಿಸಿದ ಕಡ್ಡಿಯ ತುದಿಯಿಂದ ಉಬ್ಬಿದ ಅಕ್ಷರಗಳನ್ನಷ್ಟೇ ಒರೆಸಬೇಕು.

ಚಿಕ್ಕದೊಂದು ತಕರಾರು, ಬೇಸರಿಸಬೇಡಿ. 1964ರಲ್ಲಿ ಗೆದ್ದ 33 ಇಜೆಬಿ ಸಂಖ್ಯೆಯ ಕಾರಿನದು 1071 ಸಿಸಿ ಎಂಜಿನ್. 1275 ಸಿಸಿಯ ಮಿನಿ ಮಾಂಟೆ ಕಾರ್ಲೊ ಗೆದ್ದದ್ದು 1965ರಲ್ಲಿ ಮತ್ತು 1967ರಲ್ಲಿ. ನಂಬರ್ ಪ್ಲೇಟಿನ ಡೀಕ್ಯಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ ಮುದ್ರಿತ ಚಿತ್ರ) ಅಂಟಿಸುವ ಮುನ್ನ ಯಾವ ವರ್ಷದ ಕಾರೆಂದು ನಿರ್ಧರಿಸಿಕೊಳ್ಳಿ. ಡೀಕ್ಯಾಲ್ ಹಾಳೆಯನ್ನು ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಜಿಪ್ ಚೀಲದಲ್ಲಿಡಿ, ಇಲ್ಲದಿದ್ದರೆ ಗಣೇಶ ಚೌತಿಯ ಹೊತ್ತಿಗೆ ಅದಕ್ಕೆ ಬೂಷ್ಟು ಹಿಡಿದಿರುತ್ತದೆ.

ಕಾಳಿದಂಡೆ (ಕಾರವಾರ):

ಮೂವರಿಗೂ ಧನ್ಯವಾದಗಳು. ನಿನ್ನೆ ಮಧ್ಯಾಹ್ನ ಮಳೆ ಬಿಡುವು ಕೊಟ್ಟಾಗ ಕಾರಿನ ಮೈಯನ್ನು ಬಿಸಿ ಮಾಡಿಕೊಂಡು ರಿಟಾರ್ಡರ್ ಬೆರೆಸಿದ ಥಿನ್ನರನ್ನು ಮೂರು ಪದರ ಹೊಡೆದೆ. ಎರಡನೆಯ ಪದರಕ್ಕೇ ಪೊರೆ ಕರಗಿ ಕೆಂಪು ಮೇಲೆದ್ದು ಬಂತು. ಬಾನೆಟ್ಟಿನ ಒಂದು ಮೂಲೆಯಲ್ಲಿ ಮಾತ್ರ ಸ್ವಲ್ಪ ಮಂಕು ಉಳಿದಿದೆ. ಹೊನ್ನಾವರದವರ ಮಾತಿಗೆ ಬೆಲೆ ಕೊಟ್ಟು ಅದನ್ನೂ ಕ್ಲಿಯರ್ ಕೋಟನ್ನೂ ಡಿಸೆಂಬರಿಗೆ ಬಿಟ್ಟಿದ್ದೇನೆ. 33 ಇಜೆಬಿ ಡೀಕ್ಯಾಲನ್ನು ಕತ್ತರಿಸಿಯೇ ಬಿಟ್ಟಿದ್ದೆ, ಈಗ ಅದು ಹಾಗೇ ಚೀಲದಲ್ಲಿರಲಿ.

ಚಾವಣಿಯ ಟೇಪ್ ಬಿಚ್ಚಿದಾಗ ಹೊಸದೊಂದು ಸಮಸ್ಯೆ ಕಂಡಿತು. ಹಿಂಬದಿಯ ಗಾಜಿನ ಮೇಲ್ಭಾಗದಲ್ಲಿ ಟೇಪಿನ ಕೆಳಗೆ ಕೆಂಪು ನುಸುಳಿ, ಬಿಳಿಯ ಮೇಲೆ ಗರಗಸದ ಹಲ್ಲಿನಂಥ ಅಂಚು ಮೂಡಿದೆ.

ತೋಟದಮನೆ (ಶಿರಸಿ):

ನುಸುಳಿದ ಕೆಂಪನ್ನು 2000 ನಂಬರಿನ ವಾಟರ್ ಪೇಪರಿನಿಂದ ನೀರು ಹಾಕಿ ಮೆಲ್ಲಗೆ ಉಜ್ಜಿ ತೆಗೆಯಿರಿ. ಅದರ ಮೇಲೆ ನೇರವಾಗಿ ಬಿಳಿ ಹೊಡೆದರೆ ಕೆಂಪು ಕರಗಿ ಗುಲಾಬಿಯಾಗಿ ಮೇಲೆ ಬರುತ್ತದೆ. ಮುಂದಿನ ಸಲ ಟೇಪ್ ಹಚ್ಚಿದ ಮೇಲೆ ಅದರ ಅಂಚಿಗೆ ಮೊದಲು ಬಿಳಿಯನ್ನೇ ಇನ್ನೊಮ್ಮೆ ತೆಳ್ಳಗೆ ಹೊಡೆಯಿರಿ. ನುಸುಳುವುದಿದ್ದರೆ ಬಿಳಿಯೇ ನುಸುಳಿ ಸಂದು ಮುಚ್ಚುತ್ತದೆ, ಆಮೇಲೆ ಬರುವ ಕೆಂಪಿಗೆ ಒಳಗೆ ಹೋಗಲು ದಾರಿ ಇರುವುದಿಲ್ಲ. ಟೇಪನ್ನು ಎರಡು ದಿನ ಬಿಡದೆ, ಕೆಂಪು ಕೈಗೆ ಅಂಟದಷ್ಟು ಆರಿದ ಕೂಡಲೇ ಹಿಂದಕ್ಕೆ ಮಡಚಿ ಎಳೆಯಿರಿ.