ಕುಂಬಳೆಯಲ್ಲಿ ಸಿಕ್ಕಿದ ನಾಯಿ ಯಾವ ಕ್ರಾಸ್? ಗೊತ್ತಿದ್ದವರು ಹೇಳಿ

ಪೆರ್ಲದವ:
ತಲೆ ಕೆಟ್ಟು ಹೋಗಿದೆ. ಆರು ವಾರದ ಹಿಂದೆ ಕಾಸರಗೋಡಿನ ಕುಂಬಳೆ ರೈಲ್ವೆ ಸ್ಟೇಷನ್ ಹತ್ತಿರ ಸಿಕ್ಕಿದ ಹೆಣ್ಣು ನಾಯಿಯನ್ನು ಮನೆಗೆ ತಂದಿದ್ದೇವೆ. ಹೆಸರು ಕೆಂಚಿ. ಕೆಂಪು ಬಣ್ಣ, ಸಣ್ಣ ಸೊಂಟ, ಉದ್ದ ಕಾಲು. ಓಡಿದರೆ ಹಿಡಿಯಲಿಕ್ಕಿಲ್ಲ. ರೇಬೀಸ್ ಲಸಿಕೆ ಹಾಕಿಸಲು ಹೋದರೆ ಡಾಕ್ಟ್ರು ಸರಿಯಾಗಿ ನೋಡಲೇ ಇಲ್ಲ, ಕಾರ್ಡಿನಲ್ಲಿ ತಳಿ ಅಂತ ಇರುವಲ್ಲಿ ‘ನಾಡನ್’, ಅಂದರೆ ಊರ ನಾಯಿ ಎಂದು ಗೀಚಿದರು. ಪಂಚಾಯತ್ ಲೈಸೆನ್ಸಿಗೂ ಅದೇ ಹೋಯಿತು. ಇದು ಖಂಡಿತ ಯಾವುದೋ ಜಾತಿ ನಾಯಿಯ ಕ್ರಾಸ್. ಫೋಟೋ ಹಾಕಿದ್ದೇನೆ.

ಬೇಟೆಗಾರ:
ಮುಧೋಳ ಬೇಟೆ ನಾಯಿ. ಪ್ರಶ್ನೆಯೇ ಇಲ್ಲ. ಆ ಸೊಂಟ ನೋಡಿ.

ತೋಟದಮನೆ:
ಫೋಟೋದಲ್ಲಿ ಇರುವುದು ಮೂತಿ ಮಾತ್ರ, ಅದೂ ಗೋಣಿ ಮೇಲೆ ಮಲಗಿದ್ದು. ನಿಮಗೆ ಸೊಂಟ ಎಲ್ಲಿ ಕಂಡಿತು ಮಾರಾಯ್ರೆ? ಬದಿಯಿಂದ ನಿಂತ ಫೋಟೋ ಬೇಕು. ಪ್ರಾಯ ಎಷ್ಟು? ಎತ್ತರ, ತೂಕ? ಬಾಲ ಹೇಗೆ?

ಬೇಟೆಗಾರ:
ಅವರೇ ಬರೆದಿದ್ದಾರಲ್ಲ, ಸಣ್ಣ ಸೊಂಟ ಅಂತ. ಮುಧೋಳ ಅಂದರೆ ಸುಮ್ನೆ ಅಲ್ಲ, 2005ರಲ್ಲಿ ಅಂಚೆ ಚೀಟಿ ಬಂದ ತಳಿ. ಸೈನ್ಯಕ್ಕೂ ತೆಗೆದುಕೊಂಡಿದ್ದಾರೆ. ನನ್ನ ಹತ್ತಿರ ಎರಡು ಉಂಟು. ಅಡಿಕೆ ತೋಟದ ಸುತ್ತ ಅರ್ಧ ಎಕರೆಗೆ ಬೇಲಿ ಹಾಕಿ ಓಡಲು ಬಿಟ್ಟಿದ್ದೇನೆ. ಬೇಲಿಗೇ ನಾಯಿಗಿಂತ ಜಾಸ್ತಿ ಖರ್ಚಾಯಿತು.

ಮುಳ್ಳೇರಿಯ ಮಾವ:
ತಮಿಳುನಾಡಿನ ಬಿಳಿ ತಳಿ ರಾಜಪಾಳಯಂಗೂ ಆಗಲೇ ಅಂಚೆ ಚೀಟಿ ಬಂದಿದೆ. ಹಾಗಂತ ನಮ್ಮ ಮನೆಯ ಬಿಳಿ ನಾಯಿ ರಾಜಪಾಳಯಂ ಆಗುತ್ತದಾ? ಮುಧೋಳ ಇರುವುದು ಬಾಗಲಕೋಟೆಯಲ್ಲಿ. ಕುಂಬಳೆಗೆ ಯಾವ ರೈಲಿನಲ್ಲಿ ಬಂತು? ಇದು ಶುದ್ಧ ಕಂತ್ರಿ.

ಬದಿಯಡ್ಕದ ಅಕ್ಕ:
ಕಂತ್ರಿ ಅನ್ನಬೇಡಿ ಮಾವ. ಅದು ಇಂಗ್ಲಿಷಿನ ಕಂಟ್ರಿಯಿಂದ ಬಂದ ಬೈಗುಳ. ಊರ ನಾಯಿ ಅನ್ನಿ.

ಮುಳ್ಳೇರಿಯ ಮಾವ:
ಅಜ್ಜನ ಕಾಲದಿಂದ ಹಾಗೇ ಹೇಳುವುದು. ಮತ್ತೆಂತ, ‘ನಾಡನ್’ ಅನ್ನಬೇಕಾ? ಅದು ಮಲಯಾಳ.

ಬದಿಯಡ್ಕದ ಅಕ್ಕ:
ನಾಡನ್ ಕೋಳಿ ಸಾರು ಬಡಿಸುವಾಗ ಮಲಯಾಳ ಆಗುವುದಿಲ್ಲ ಅಲ್ವಾ?

ಪೆರ್ಲದವ:
ಜಗಳ ಆಮೇಲೆ ಮಾಡಿ. ಟೇಪಿನಲ್ಲಿ ಅಳೆದೆ, ಭುಜದವರೆಗೆ 49 ಸೆಂ.ಮೀ. ಎತ್ತಿಕೊಂಡು ತಕ್ಕಡಿ ಹತ್ತಿದೆ, ನನ್ನದು ಕಳೆದರೆ 16 ಕೆ.ಜಿ. ಹಲ್ಲು ನೋಡಿ ಮೂರು ವರ್ಷ ಇರಬಹುದು ಅಂದಿದ್ದರು. ಬಾಲ ಬೆನ್ನಿನ ಮೇಲೆ ಸುರುಳಿ, ಚಕ್ಕುಲಿ ಹಾಗೆ. ಕಿವಿ ನೆಟ್ಟಗೆ.

ತೋಟದಮನೆ:
ಇದನ್ನು ಮೊದಲೇ ಹೇಳಿದ್ದರೆ ಇಷ್ಟು ಉದ್ದ ಆಗುತ್ತಿರಲಿಲ್ಲ. ಮುಧೋಳದಲ್ಲಿ ಹೆಣ್ಣೂ 60 ಸೆಂ.ಮೀ. ದಾಟುತ್ತದೆ. ಕಿವಿ ಜೋತು ಬಿದ್ದು ತಲೆಗೆ ಅಂಟಿಕೊಂಡಿರುತ್ತದೆ. ಬಾಲ ಬುಡದಲ್ಲಿ ದಪ್ಪ, ತುದಿಗೆ ಹೋದಂತೆ ಸಪೂರ, ಕೆಳಗೆ ಇಳಿದಿರುತ್ತದೆ. ಕೆಂಚಿಯದ್ದು ಮೂರೂ ಉಲ್ಟಾ. ನೆಟ್ಟ ಕಿವಿ, ಸುರುಳಿ ಬಾಲ, ಕೆಂಪು ಮೈ ನಮ್ಮ ಊರ ನಾಯಿಯದ್ದೇ ಲಕ್ಷಣ. ಸಾವಿರಾರು ವರ್ಷದಿಂದ ಇಲ್ಲೇ ಇರುವ ನಾಯಿ, ಕ್ರಾಸ್ ಆಗಲೇಬೇಕೆಂದೇನೂ ಇಲ್ಲ. ಸೊಂಟ ಸಣ್ಣ ಇರುವುದು ಸ್ಟೇಷನ್ನಿನಲ್ಲಿ ಹೊಟ್ಟೆಗೆ ಸಿಗದೆ. ಡಿಎನ್‌ಎ ಟೆಸ್ಟಿಗೆ ದುಡ್ಡು ಹಾಕಲು ಹೊರಟಿದ್ದರೆ, ಅವರ ಪಟ್ಟಿಯಲ್ಲಿ ನಮ್ಮ ನಾಯಿಗಳು ಉಂಟಾ ಅಂತ ಮೊದಲು ಕೇಳಿ. ಇಲ್ಲದಿದ್ದರೆ ಹತ್ತಿರದ ಯಾವುದೋ ವಿದೇಶಿ ಹೆಸರು ಬಂದು ಕೂರುತ್ತದೆ.

ಬೇಟೆಗಾರ:
ಕಿವಿ, ಬಾಲ ತಾಯಿಯದ್ದು. ಓಟ ಅಪ್ಪನದ್ದು. ಎಷ್ಟು ಅಳೆದರೂ ಮುಧೋಳವೇ.

ಪೆರ್ಲದವ:
ಇರುವ ವಿಷಯ ಹೇಳಿಬಿಡುತ್ತೇನೆ. ಸೀತಾಂಗೋಳಿಯ ಗೆಳೆಯನ ಹತ್ತಿರ ಗಂಡು ಮುಧೋಳ ಉಂಟು. ಇದೂ ಕ್ರಾಸ್ ಆಗಿದ್ದರೆ ಮರಿ ಮಾಡಿಸುವ ಅಂದಿದ್ದಾನೆ. ಅದಕ್ಕೇ ಇಷ್ಟು ಕೇಳುವುದು. ಬಲ ಕಿವಿ ತುದಿಯಲ್ಲಿ ಸ್ವಲ್ಪ ಹರಿದಿದೆ, ಹಳೆ ಕಚ್ಚಾಟದ್ದು ಇರಬೇಕು. ಅದು ಮರಿಗಳಿಗೆ ಬರುವುದಿಲ್ಲ ತಾನೇ?

ಬದಿಯಡ್ಕದ ಅಕ್ಕ:
ಆ ಕಿವಿಯ ಫೋಟೋ ಹಾಕಿ. ಹತ್ತಿರದಿಂದ.

ಪೆರ್ಲದವ:
ಹಾಕಿದೆ.

ಬದಿಯಡ್ಕದ ಅಕ್ಕ:
ಇದು ಕಚ್ಚಿದ್ದಲ್ಲ. ಕಚ್ಚಿದರೆ ಅಂಚು ಚಿಂದಿಯಾಗಿರುತ್ತದೆ. ಇಲ್ಲಿ ಕತ್ತರಿಯಲ್ಲಿ ತೆಗೆದ ಹಾಗೆ ನೀಟಾಗಿ ಉಂಟು. ಬೀದಿ ನಾಯಿಗಳನ್ನು ಹಿಡಿದು ಎಬಿಸಿ ಅಂತ ಮರಿ ಆಗದ ಹಾಗೆ ಆಪರೇಷನ್ ಮಾಡಿ ಬಿಡುತ್ತಾರಲ್ಲ, ಮತ್ತೆ ಅದನ್ನೇ ಹಿಡಿಯಬಾರದು ಅಂತ ಮಾಡುವ ಗುರುತು. ಮರಿ ಆಗುವುದಿಲ್ಲ ಇದಕ್ಕೆ. ಹೊಟ್ಟೆಯಲ್ಲಿ, ಪಕ್ಕೆಯಲ್ಲಿ ರೋಮ ಸರಿಸಿ ನೋಡಿ. ಆಗ ರೇಬೀಸ್ ಲಸಿಕೆಯನ್ನೂ ಹಾಕಿರುತ್ತಾರೆ, ಆದರೆ ನೀವು ವರ್ಷ ವರ್ಷ ಹಾಕಿಸುವುದು ಬಿಡಬೇಡಿ.

ಬೇಟೆಗಾರ:
ಆಪರೇಷನ್ ಆದರೆ ಮುಧೋಳ ಅಲ್ಲ ಅಂತ ಆಗುತ್ತದಾ?

ಪೆರ್ಲದವ:
ನೋಡಿದೆ. ಮುಟ್ಟಿದ ಕೂಡಲೇ ಕಾಲು ಮೇಲೆ ಮಾಡಿ ಅಂಗಾತ ಬಿದ್ದುಕೊಂಡಳು. ಬಲ ಪಕ್ಕೆಯಲ್ಲಿ ರೋಮದ ಅಡಿ ಒಂದು ಬಿಳಿ ಗೆರೆ, ನನ್ನ ಕಿರುಬೆರಳಿನ ಅರ್ಧದಷ್ಟು. ಆರು ವಾರದಿಂದ ಮೈ ತೊಳೆಯುತ್ತಿದ್ದೇನೆ, ಕಂಡಿರಲಿಲ್ಲ. ಗೆಳೆಯನಿಗೆ ಫೋನ್ ಮಾಡಿ ಹೇಳಿದೆ. ಎರಡು ಮರಿ ಬುಕ್ ಆಗಿತ್ತಂತೆ.

ಮುಳ್ಳೇರಿಯ ಮಾವ:
ಊಟಕ್ಕೆ ಎಂತ ಹಾಕುತ್ತೀರಿ? ನಮ್ಮಲ್ಲಿ ಗಂಜಿಗೆ ಬಂಗುಡೆ ತಲೆ ಬೇಯಿಸಿ, ಮುಳ್ಳು ತೆಗೆದು ಹಾಕುವುದು. ಹನ್ನೆರಡು ವರ್ಷ ಬದುಕಿದ ನಾಯಿ ಉಂಟು.

ತೋಟದಮನೆ:
ಬದಿಯಿಂದ ನಿಂತ ಫೋಟೋ ಇನ್ನೂ ಬಂದಿಲ್ಲ.